ಹೊಸ್ತಿಲು ಎತ್ತಿದ ದಿನದ ಒಂದೇ ಫೋಟೊ

ಮೊನ್ನೆ ಬೀಳಗಿಯ ನಮ್ಮ ಸ್ಟುಡಿಯೊಗೆ ಮಾಳಪ್ಪ ಎಂಬ ಶಾಲಾ ಮಾಸ್ತರ ಬಂದಿದ್ದ. ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಹಳೆಯ ಫೋಟೊ ಚೌಕಟ್ಟು. ಗಾಜು ಒಡೆದಿತ್ತು.

‘ಇದನ್ನ ದೊಡ್ಡದು ಮಾಡಿಕೊಡ್ರಿ ಅಕ್ಕಾರ, ಹೊಸಾ ಮನಿ ಪಡಸಾಲ್ಯಾಗ ಹಾಕೋದೈತಿ. ಮತ್ತ ನಡುವ ಇಲ್ಲೊಂದು ಹಳದಿ ಕಲಿ ಬಿದ್ದೈತಿ ನೋಡ್ರಿ, ಕಂಪ್ಯೂಟರಿನ್ಯಾಗ ಅಳಿಸಿಬಿಡ್ರಿ’ ಎಂದ.

ಗಾಜಿನ ಚೂರು ಬಿಡಿಸಿ ಫೋಟೊ ಕೈಗೆತ್ತಿಕೊಂಡೆ. ಹೈಪೋ ವಾಸನೆ ಬಂತು. ಡಾರ್ಕ್ ರೂಮಿನಲ್ಲಿ ಫೋಟೊ ಅದ್ದುವ ಆ ದ್ರಾವಣದ ಹುಳಿ ವಾಸನೆ, ನೀರಲ್ಲಿ ಸರಿಯಾಗಿ ತೊಳೆಯದಿದ್ದರೆ ಕಾಗದದಲ್ಲೇ ಉಳಿದುಬಿಡುತ್ತದೆ. ಇದನ್ನು ತೊಳೆದವಳು ನಾನೇ. ಅವತ್ತು ನನಗೆ ಅವಸರವಿತ್ತು. ಇಷ್ಟು ವರ್ಷ ಕಳೆದ ಮೇಲೂ ಈ ಕಾಗದ ನನ್ನ ಮೇಲೆ ಚಾಡಿ ಹೇಳುತ್ತಿದೆಯಲ್ಲ ಎಂದು ಸಿಟ್ಟೇ ಬಂತು. ಮಾಳಪ್ಪನನ್ನು ಕೂರಿಸಿ ಚಹಾ ತರಿಸಿದೆ. ಕಲೆಯ ವಿಷಯ ಆಮೇಲೆ ನೋಡೋಣ ಎಂದೆ.

ಅದು ಆಲಮಟ್ಟಿಯ ಹಿನ್ನೀರು ನಮ್ಮ ತಾಲೂಕಿನ ಹೊಳೆದಂಡೆಯ ಊರುಗಳಿಗೆ ಏರಿಬಂದ ಮಳೆಗಾಲ. ಮಳೆಗಾಲ ಎನ್ನುವುದು ಬರೀ ಮಾತಿಗೆ. ನಮ್ಮ ಕಡೆ ಆ ತಿಂಗಳುಗಳಲ್ಲಿ ಬೀಸುವುದು ಗಾಳಿ. ಮಳೆ ಎಲ್ಲೋ ಘಟ್ಟದ ಮೇಲೆ, ಮಹಾರಾಷ್ಟ್ರದಲ್ಲಿ ಬೀಳುತ್ತದೆ. ನೀರು ಮಾತ್ರ ನಮ್ಮ ಬಾಗಿಲಿಗೆ ಬರುತ್ತದೆ. ತಲೆಯ ಮೇಲೆ ಒಂದು ಹನಿ ಇಲ್ಲ, ಕಣ್ಣಲ್ಲಿ ಧೂಳು, ಅಷ್ಟರಲ್ಲಿ ಹೊಳೆ ಜೋಳದ ಹೊಲ ದಾಟಿ ಓಣಿಗೆ ಬಂದಿರುತ್ತಿತ್ತು. ಜನ ಮನೆಯ ತೊಲೆ, ಜಂತಿ, ಬಾಗಿಲು ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಬಿಚ್ಚುವ ಮೊದಲು ಮನೆ ಮುಂದೆ ನಿಂತು ಒಂದು ಫೋಟೊ ಬೇಕು ಎಂದು ನಮ್ಮ ಸ್ಟುಡಿಯೊಗೆ ಬರುತ್ತಿದ್ದರು.

ಸ್ಟುಡಿಯೊ ನಡೆಸುತ್ತಿದ್ದವರು ನಾನು ಮತ್ತು ನನ್ನ ಮಾವ. ಗಂಡನಿಗೆ ರಬಕವಿಯಲ್ಲಿ ನೌಕರಿ, ಭಾನುವಾರ ಬಂದರೆ ಬಂದರು. ಮಾವನನ್ನು ಊರೆಲ್ಲ ಫೋಟೊ ಮಾಸ್ತರ ಎನ್ನುತ್ತಿತ್ತು. ಸೊಸೆಯಾಗಿ ಬಂದ ಎರಡನೇ ವರ್ಷಕ್ಕೇ ಅವರು ನನಗೆ ಡಾರ್ಕ್ ರೂಮಿನ ಕೀಲಿ ಕೊಟ್ಟಿದ್ದರು. ಗಂಡಸರ ಮುಂದೆ ಸೆರಗು ಸರಿಸದ ಹೆಂಗಸರು ನನ್ನ ಮುಂದೆ ಹಾಯಾಗಿ ನಗುತ್ತಿದ್ದರು ಎಂಬುದು ಅದಕ್ಕೊಂದು ಕಾರಣ. ನಾನು ಮಾತಿನಲ್ಲಿ ಸ್ವಲ್ಪ ಚೂಪು. ಮಾವ ಮಾತಾಡುವುದೇ ಕಡಿಮೆ. ಜಗಳಕ್ಕೆ ಇಷ್ಟು ಸಾಕಲ್ಲ!

ಆ ವರ್ಷದ ಜಗಳ ಕ್ಯಾಮೆರಾದ್ದು. ಬೀರುವಿನಲ್ಲಿ ಮೂರಿದ್ದವು. ಮಾವನದು ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ. ಮೇಲಿನ ಕಣ್ಣಿನಿಂದ ನೋಡುವುದು, ಕೆಳಗಿನದರಿಂದ ತೆಗೆಯುವುದು. ಅದಕ್ಕೆ ಅಗಲದ ರೋಲು, ಹನ್ನೆರಡೇ ಫೋಟೊ, ಅದೂ ಕಪ್ಪು ಬಿಳುಪು. ಬಣ್ಣದ ಅಗಲ ರೋಲು ನಮ್ಮ ಕಡೆ ಸಿಗುತ್ತಿರಲಿಲ್ಲ, ಸಿಕ್ಕರೂ ತೊಳೆಯುವವರಿರಲಿಲ್ಲ. ನನ್ನದು ಸಣ್ಣ ರೋಲಿನ ಕ್ಯಾಮೆರಾ, ಮದುವೆಯಲ್ಲಿ ಅಣ್ಣ ಕೊಡಿಸಿದ್ದು. ಮೂವತ್ತಾರು ಫೋಟೊ, ಬಣ್ಣ, ಕುತ್ತಿಗೆಗೆ ಹಾಕಿಕೊಂಡು ಎಲ್ಲಿಗಾದರೂ ಓಡಬಹುದು. ಮೂರನೆಯದು ಡಿಜಿಟಲ್. ಜಮಖಂಡಿಯ ಕಲರ್ ಲ್ಯಾಬಿನವರು ‘ಹದಿನೈದು ದಿನ ಇಟ್ಕೊಂಡು ನೋಡ್ರಿ, ಮನಸ್ಸಿಗೆ ಬಂದ್ರ ತಗೋರಿ’ ಎಂದು ಕೊಟ್ಟು ಕಳಿಸಿದ್ದರು. ಸೋಪಿನ ಡಬ್ಬಿಯಷ್ಟಿತ್ತು. ತೆಗೆದದ್ದು ಅಲ್ಲೇ ಕಾಣುತ್ತಿತ್ತು. ಆದರೆ ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕ ಒಡೆದು ಹೋಗುತ್ತಿತ್ತು.

‘ನಲವತ್ತು ಮಂದಿ ನಿಂತ್ರ ನಿನ್ನ ಸಣ್ಣ ರೋಲಿನ್ಯಾಗ ಒಂದೊಂದು ಮಾರಿ ಅಕ್ಕಿಕಾಳಿನಷ್ಟ ಬರ್ತೈತಿ’ ಎನ್ನುತ್ತಿದ್ದರು ಮಾವ.

‘ನಿಮ್ಮ ಡಬ್ಬ್ಯಾಗ ಎಲ್ಲಾರೂ ಸತ್ತವರ ಫೋಟೊದಾಂಗ ಕಾಣ್ತಾರ್ರಿ ಮಾವಾರ’ ಎನ್ನುತ್ತಿದ್ದೆ ನಾನು.

ಅಷ್ಟರಲ್ಲಿ ಬೀರವ್ವ ಬಂದಳು. ಹೊಳೆದಂಡೆಯ ಊರಿನ ಕುರುಬರ ಮನೆಯ ಹಿರಿಯಳು, ಮೂರು ಗಂಡುಮಕ್ಕಳ ತಾಯಿ. ಸೊಂಟದಲ್ಲಿ ಭಂಡಾರದ ಚೀಲ. ಬೀರೇಶ್ವರನ ಆ ಅರಿಶಿನದ ಪುಡಿ ಇಲ್ಲದೆ ಅವರ ಮನೆಯಲ್ಲಿ ಯಾವ ಕೆಲಸವೂ ಮೊದಲಾಗುವುದಿಲ್ಲ. ನಡುವಿನ ಮಗನಿಗೆ ಒಂದು ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತ್ತು, ಕಿರಿಯವನಿಗೆ ಇನ್ನೊಂದರಲ್ಲಿ. ಹಿರಿಯ ಸಿದ್ದಪ್ಪ ಕುರಿ ಹಿಂಡಿನ ಜೊತೆ ಬಯಲ ಮೇಲಿದ್ದ. ಅವನು ಹೆಂಡತಿಯ ತವರು ಹುನ್ನೂರಿನ ಕಡೆ ನೆಲೆ ನಿಲ್ಲುವವನಿದ್ದ.

‘ಮೂವರೂ ಒಂದ ಬಾಗಲದಾಗ ಹುಟ್ಟಿದವ್ರು, ತಂಗಿ. ಇನ್ನ ಮೂರು ದಿಕ್ಕಿಗೆ ಹೊಂಟಾರ’ ಎಂದಳು ಬೀರವ್ವ. ‘ಆ ಬಾಗಲ ಮುಂದ ಎಲ್ಲಾರ್ದೂ ಕೂಡಿ ಒಂದ ಫೋಟೊ ಬೇಕು. ಭಂಡಾರ ಹಾರಿಸಿದ್ದು ಹಳದಿ ಹಳದಿ ಕಾಣಬೇಕು.’

ಅವರ ಮನೆಯ ಪದ್ಧತಿಯನ್ನೂ ಹೇಳಿದಳು. ಮನೆ ಬಿಡುವಾಗ ಹೊಸ್ತಿಲನ್ನು ಕೊನೆಗೆ ಕೀಳುತ್ತಾರೆ. ಹಿರಿಯ ಮಗನೇ ಕಿತ್ತು ಹೆಗಲ ಮೇಲೆ ಇಟ್ಟುಕೊಳ್ಳಬೇಕು. ಹೊಸ ಜಾಗ ಮುಟ್ಟುವವರೆಗೆ ಅದನ್ನು ನೆಲಕ್ಕೆ ಇಳಿಸುವಂತಿಲ್ಲ, ಮನೆಯವರು ಯಾರೂ ಹಿಂದೆ ತಿರುಗಿ ನೋಡುವಂತಿಲ್ಲ. ಹೊಸ್ತಿಲು ಹೋದ ಮನೆಯ ಮುಂದೆ ಮತ್ತೆ ನಿಲ್ಲುವ ಮಾತೇ ಇಲ್ಲ. ಸಿದ್ದಪ್ಪ ಬರುವುದು ಅದೊಂದೇ ದಿನ. ಎಂದರೆ ಎಲ್ಲರೂ ಕೂಡಿ ಆ ಬಾಗಿಲಲ್ಲಿ ಇರುವುದು ಅವನು ಹೊಸ್ತಿಲು ಎತ್ತುವ ಆ ಹೊತ್ತು ಮಾತ್ರ. ತಪ್ಪಿದರೆ ಇನ್ನೊಮ್ಮೆ ತೆಗೆಯಲು ಮನೆಯೂ ಇರುವುದಿಲ್ಲ, ಅವರೂ ಇರುವುದಿಲ್ಲ.

ಹಳದಿ ಕಾಣಬೇಕು ಎಂದ ಮೇಲೆ ತೀರ್ಮಾನವಾಯಿತಲ್ಲ. ನಾನು ಗೆದ್ದೆ. ‘ನಂದು ಒಂದ ಸಾಕ್ರಿ, ಆ ಮೂರು ಕಾಲಿನ ಸ್ಟ್ಯಾಂಡು, ಡಬ್ಬಿ ಎಲ್ಲಾ ಹೊತ್ತುಕೊಂಡು ಯಾಕ ಬರ್ತೀರಿ’ ಎಂದೆ. ಮಾವ ಡಬ್ಬಿಯ ಚರ್ಮದ ಚೀಲ ಒರೆಸುತ್ತ ಕುಳಿತರು. ಅದರೊಳಗೆ ಒಂದು ದಾರದ ಉಂಡೆ ಇಡುವುದು ಕಂಡಿತು. ದಾರದಲ್ಲಿ ಅಲ್ಲಲ್ಲಿ ಗಂಟು. ಯುಗಾದಿ ಆದಾಗಿನಿಂದ ಈ ದಾರದ ಹುಚ್ಚು ಹಿಡಿದಿತ್ತು ಅವರಿಗೆ. ಒಂದು ತುದಿಯನ್ನು ಕ್ಯಾಮೆರಾಕ್ಕೆ ಹಚ್ಚಿ ಇನ್ನೊಂದನ್ನು ಎದುರು ನಿಂತವರ ಮೂಗಿಗೆ ಹಿಡಿಸಿ ಗಂಟು ಎಣಿಸಿ ಅಂತರ ಅಳೆಯುತ್ತಿದ್ದರು. ‘ಇದೇನ್ ಫೋಟೊ ತಗಿಯೂದೋ ಅಂಗಿ ಹೊಲಿಯೂದೋ’ ಎಂದು ನಾನು ನಗುತ್ತಿದ್ದೆ.

ಇಲ್ಲಿ ನಮ್ಮ ಕೆಲಸದ ಒಂದು ರೀತಿ ಹೇಳಬೇಕು. ಸಣ್ಣ ಊರಿನ ಸ್ಟುಡಿಯೊದಲ್ಲಿ ಮೂವತ್ತಾರೂ ಮುಗಿಯುವವರೆಗೆ ಗಿರಾಕಿ ಕಾಯುವುದಿಲ್ಲ. ಅರ್ಜಿಗೆ ಹಚ್ಚುವ ಫೋಟೊ ಇವತ್ತೇ ಬೇಕು ಎನ್ನುತ್ತಾನೆ. ಆಗ ಕತ್ತಲಲ್ಲಿ ಕ್ಯಾಮೆರಾ ತೆರೆದು, ತೆಗೆದಷ್ಟು ರೋಲು ಕತ್ತರಿಸಿ ತೊಳೆಯಲು ಕಳಿಸುತ್ತಿದ್ದೆವು. ಉಳಿದದ್ದರ ತುದಿಯನ್ನು ಕತ್ತರಿಯಿಂದ ನಾಲಗೆಯಂತೆ ಕೊರೆದು ಮತ್ತೆ ಸಿಕ್ಕಿಸುತ್ತಿದ್ದೆವು. ಕ್ಯಾಮೆರಾ ತೆರೆದರೆ ಅದರ ಎಣಿಕೆ ಮೊದಲಿನಿಂದ ಶುರುವಾಗುತ್ತದೆ, ಹಾಗಾಗಿ ಎಷ್ಟು ಉಳಿದಿವೆ ಎಂದು ಚೀಟಿ ಬರೆದು ಬೆನ್ನಿಗೆ ಅಂಟಿಸಬೇಕು. ಬೀರವ್ವನ ಊರಿಗೆ ಹೋಗುವ ಹಿಂದಿನ ಸಂಜೆಯೂ ಹಾಗೇ ಆಯಿತು. ಜಮಖಂಡಿಗೆ ಹೋಗುವ ಕೊನೆಯ ಬಸ್ಸಿಗೆ ರೋಲು ಕೊಟ್ಟು ಕಳಿಸಬೇಕಿತ್ತು. ಕತ್ತಲಲ್ಲಿ ಗಡಬಡಿಸಿ ಕತ್ತರಿಸಿದೆ, ಸಿಕ್ಕಿಸಿದೆ, ಮುಚ್ಚಿದೆ. ‘ಹದಿನೆಂಟು’ ಎಂದು ಚೀಟಿ ಹಚ್ಚಿದೆ. ಹದಿನೆಂಟು ಧಾರಾಳವಾಯಿತು ಅನಿಸಿತು. ಆ ತಿಂಗಳು ಎಲ್ಲ ಸ್ಟುಡಿಯೊಗಳಲ್ಲೂ ರೋಲಿಗೆ ಬರವಿತ್ತು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಹೋದೆವು. ಮೋಡ ಗಟ್ಟಿಯಾಗಿ ಕವಿದಿತ್ತು, ಬೆಳಕು ಮಂಕು. ಕೆಳಗಿನ ಓಣಿಯಲ್ಲಿ ನೀರು ನಿಂತಿತ್ತು. ಬೀರವ್ವನ ಮನೆ ಮೂರನೇ ಓಣಿಯಲ್ಲಿ, ಸೂರು ಆಗಲೇ ಇಳಿಸಿದ್ದರು. ಬರೀ ಗೋಡೆ, ಬಾಗಿಲ ಚೌಕಟ್ಟು ಮತ್ತು ಹೊಸ್ತಿಲು. ಕಿರಿಯ ಮಗ ಒಂದು ಕಡ್ಡಿ ನೆಟ್ಟು ನೀರು ಎಲ್ಲಿಗೆ ಬಂತು ಎಂದು ಗಳಿಗೆಗೊಮ್ಮೆ ನೋಡಿ ಬರುತ್ತಿದ್ದ. ಟ್ರ್ಯಾಕ್ಟರಿನ ಡ್ರೈವರ್ ದಾರಿ ಮುಳುಗೀತು ಎಂದು ಒದರುತ್ತಿದ್ದ. ಸಿದ್ದಪ್ಪ ಬಂದಿರಲಿಲ್ಲ.

ಕಾಯುವ ಹೊತ್ತಿನಲ್ಲಿ ನಾನು ಡಿಜಿಟಲ್ ತೆಗೆದೆ. ಇದ್ದವರನ್ನೆಲ್ಲ ಬಾಗಿಲ ಮುಂದೆ ನಿಲ್ಲಿಸಿ ಒಂದು ಒತ್ತಿ ಬೀರವ್ವನಿಗೆ ತೋರಿಸಿದೆ. ಅವಳು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

‘ಛಲೋ ಐತಿ. ಇದರಾಗ ನನ್ನ ಸಿದ್ದ ಎಲ್ಲ್ಯದಾನ?’

‘ಅಂವ ಇನ್ನಾ ಬಂದಿಲ್ಲಲ್ಲಬೇ.’

‘ಮತ್ತ ಇದೇನ್ ಮಾಡೂದು?’ ಎಂದು ಮರಳಿ ಕೊಟ್ಟಳು.

ಉಳಿದವರು ಬಿಡಬೇಕಲ್ಲ! ಕೈಯಿಂದ ಕೈಗೆ ಹೋಯಿತು, ನನ್ನ ಮಾರಿ ತೋರಿಸು, ನನ್ನ ಮಾರಿ ತೋರಿಸು. ಅರ್ಧ ತಾಸಿನಲ್ಲಿ ನಾಲ್ಕೂ ಪೆನ್ಸಿಲ್ ಶೆಲ್ಲು ಮುಗಿದು ಪರದೆ ಕಪ್ಪಾಯಿತು.

ಆಮೇಲೆ ಹೆಂಗಸರು ಮುತ್ತಿದರು. ‘ನಂದೊಂದು ತಗೀ ತಂಗಿ, ನಮ್ಮ ಬಾಗಲದಾಗ.’ ಓಣಿಯ ಒಂಬತ್ತು ಹೆಂಗಸರನ್ನು ಅವರವರ ಮನೆಯ ಮುಂದೆ ನಿಲ್ಲಿಸಿ ತೆಗೆದೆ. ಒಬ್ಬಳು ಬೀಸುಕಲ್ಲಿನ ಜೊತೆ, ಒಬ್ಬಳು ಕಂಬಳಿ ಹೊದ್ದು. ಎಲ್ಲರೂ ಸೆರಗು ಸರಿಸಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದರು. ನನಗೆ ಅಂದು ಅದೆಷ್ಟು ಹೆಮ್ಮೆ!

ಮಾವ ಸ್ಟ್ಯಾಂಡು ಊರಿ, ಬಾಗಿಲಿನಿಂದ ದಾರ ಹಿಡಿದು, ಗಂಟು ಎಣಿಸಿ, ಡಬ್ಬಿ ಹೂಡಿಕೊಂಡು ನಿಂತಿದ್ದರು. ಒಂದೂ ಒತ್ತಿರಲಿಲ್ಲ.

‘ಒಂದೆರಡು ತಗೀರಲ್ಲ’ ಎಂದೆ.

‘ತಡಿ’ ಎಂದರು.

ನೀರು ಕಡ್ಡಿ ಮುಳುಗಿಸಿತು. ನಡುವಿನ ಮಗ ಹಾರೆ ಎತ್ತಿಕೊಂಡ. ‘ಯವ್ವಾ, ಅಣ್ಣ ಬರೂದಿಲ್ಲ ತಗೀ. ನಾನ ಎತ್ತತೇನಿ.’

‘ಮುಟ್ಟಿದ್ರ ನೋಡು!’ ಬೀರವ್ವ ಹೋಗಿ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ನನ್ನ ಬೆರಳು ಬಟನ್ನಿನ ಮೇಲೆಯೇ ಇತ್ತು.

ಆಗ ದಿಬ್ಬದ ಕಡೆಯಿಂದ ಸಿದ್ದಪ್ಪ ಓಡಿ ಬಂದ. ಮೊಣಕಾಲಿನವರೆಗೆ ಕೆಸರು, ಹೆಗಲಲ್ಲಿ ಕಂಬಳಿ. ಹಳ್ಳ ಉಬ್ಬಿ ಸುತ್ತು ಹಾಕಿ ಬಂದಿದ್ದ. ತಾಯಿಯ ಕಾಲು ಮುಟ್ಟಿ, ಹಾರೆ ತೆಗೆದುಕೊಂಡ. ಎಲ್ಲ ಬೇಗ ಬೇಗ ಆಯಿತು. ಹೊಸ್ತಿಲಿಗೆ ಪೂಜೆ, ಕಾಯಿ, ಮೂರು ಸಲ ಹಾರೆಯ ಏಟು. ಕಿರುಗುಟ್ಟುತ್ತ ಕಟ್ಟಿಗೆ ಎದ್ದಿತು. ಸಿದ್ದಪ್ಪ ಹೆಗಲಿಗೇರಿಸಿದ, ತಮ್ಮಂದಿರಿಬ್ಬರೂ ಅಕ್ಕಪಕ್ಕ ಕೈ ಹಚ್ಚಿದರು, ಸೊಸೆಯರು, ಮಕ್ಕಳು, ಬಳಗದವರು ಸುತ್ತ ನೆರೆದರು. ನಡುವೆ ಬೀರವ್ವ ಮುಷ್ಟಿ ತುಂಬ ಭಂಡಾರ ತೆಗೆದು ಮೇಲಕ್ಕೆ ಚೆಲ್ಲಿದಳು. ಗಾಳಿ ಅದನ್ನು ಎತ್ತಿ ಆ ಬೂದು ಬೆಳಕಿನಲ್ಲಿ ಹರಡಿತು. ನಾನು ಒತ್ತಿದೆ, ಲಿವರ್ ಎಳೆದೆ, ಒತ್ತಿದೆ, ಎಳೆದೆ. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಒತ್ತುತ್ತಲೇ ಇದ್ದೆ. ಒಂದೂ ತಪ್ಪಲಿಲ್ಲ ಎಂದು ನನಗೆ ಖಾತ್ರಿಯಿತ್ತು.

ಅವರು ಹೊರಟರು. ಯಾರೂ ತಿರುಗಲಿಲ್ಲ.

ಎಣಿಕೆ ನೋಡಿಕೊಂಡೆ. ಇಪ್ಪತ್ತೆರಡು. ಮೊದಲು ಖುಷಿಯಾಯಿತು, ನಾಲ್ಕು ಹೆಚ್ಚು ಬಂದವಲ್ಲ ಎಂದು. ಆಮೇಲೆ ಚೀಟಿ ನೋಡಿದೆ. ಹದಿನೆಂಟಕ್ಕೆ ರೋಲು ಮುಗಿದು ಲಿವರ್ ಗಟ್ಟಿಯಾಗಿ ನಿಲ್ಲಬೇಕಿತ್ತು. ಇನ್ನೊಮ್ಮೆ ಎಳೆದೆ. ಬೆಣ್ಣೆಯಷ್ಟು ಸಲೀಸಾಗಿ ಬಂತು. ಎಡಗಡೆಯ ಗುಂಡಿಯ ಮೇಲೆ ಬೆರಳಿಟ್ಟು ಮತ್ತೆ ಎಳೆದೆ. ಒಳಗೆ ರೋಲು ಸರಿದರೆ ಅದು ತಿರುಗಬೇಕು. ತಿರುಗಲಿಲ್ಲ.

ಕತ್ತಲಲ್ಲಿ ಕೊರೆದ ತುದಿ ಒಳಗಿನ ಹಲ್ಲಿಗೆ ಹಿಡಿದೇ ಇರಲಿಲ್ಲ. ಬೆಳಗಿನಿಂದ ನಾನು ಒಂದೇ ಒಂದು ಫೋಟೊ ತೆಗೆದಿರಲಿಲ್ಲ. ಬೀಸುಕಲ್ಲಿನವಳಿಲ್ಲ, ಕಂಬಳಿಯವಳಿಲ್ಲ, ಸಿದ್ದಪ್ಪನಿಲ್ಲ, ಭಂಡಾರವಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಟ್ರ್ಯಾಕ್ಟರ್ ಶುರುವಾದ ಸದ್ದು ಕೇಳಿತು. ಓಡಿ ಹೋಗಿ ನಿಲ್ಲಿಸಬೇಕು ಅನಿಸಿತು. ನಿಲ್ಲಿಸಿ ಏನು ಹೇಳಲಿ? ಹೊಸ್ತಿಲು ಕೆಳಗಿಡಿ, ನನ್ನ ಕತ್ತರಿ ತಪ್ಪಿತು ಅನ್ನಲೇ?

ಮಾವ ಸ್ಟ್ಯಾಂಡು ಮಡಚುತ್ತಿದ್ದರು. ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ನೀವು ತಗದೀರೇನ್ರಿ?’

‘ಒಂದು ಒತ್ತೇನಿ. ಭಂಡಾರ ಹಾರೂಮುಂದ.’ ಡಬ್ಬಿಯ ಬೆನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಒಂದು ಕೆಂಪು ಕಿಂಡಿ. ರೋಲು ಸುತ್ತುವಾಗ ಅದರೊಳಗೆ ಕಾಣುವ ನಂಬರ್ ನೋಡಿಯೇ ನಿಲ್ಲಿಸಬೇಕು. ‘ನಂಬರ ಎಷ್ಟೈತಿ ನೋಡವಾ. ನನಗ ಕಾಣವಲ್ದು.’

‘ಎಂದಿನಿಂದ್ರಿ?’

‘ಯುಗಾದಿಯಿಂದ. ಎರಡೂ ಕಣ್ಣಾಗ ಪೊರೆ ಬಂದೈತಿ. ಕೈ ಸುತ್ತು ಎಣಿಸಿ ತಿರುವಾಕತ್ತೇನಿ.’

ಆಗ ಅರ್ಥವಾಯಿತು ದಾರ ಯಾಕೆ, ಗಂಟು ಯಾಕೆ ಎಂದು. ಗಂಟುಗಳನ್ನು ಅವರು ಕಣ್ಣಿನಿಂದಲ್ಲ, ಬೆರಳಿನಿಂದ ಎಣಿಸುತ್ತಿದ್ದರು. ನಾನು ನಕ್ಕಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಕಿಂಡಿಯಲ್ಲಿ ಇಣುಕಿದೆ. ನಂಬರ್ ಅರ್ಧ ಮಾತ್ರ ಕಾಣುತ್ತಿತ್ತು, ಅಂಚಿಗೆ ಸರಿದಿತ್ತು. ಎಂದರೆ ಸುತ್ತು ಪೂರ್ತಿ ಆಗಿಲ್ಲ. ಬಾಗಿಲಿನ ಫೋಟೊದ ಮೇಲೆ ಹಿಂದಿನ ಯಾರದೋ ಫೋಟೊ ಹತ್ತಿರಬಹುದು, ಎಷ್ಟು ಹತ್ತಿದೆಯೋ ತಿಳಿಯದು.

ಬೀಳಗಿಗೆ ಬಂದವಳೇ ಡಾರ್ಕ್ ರೂಮಿನ ಬಾಗಿಲು ಹಾಕಿಕೊಂಡೆ. ಮಾವ ಹೊರಗೆ ಕದಕ್ಕೆ ಕಿವಿಗೊಟ್ಟು ನಿಂತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ಕತ್ತಲಲ್ಲಿ ರೋಲನ್ನು ತೊಳೆಯುವ ಡಬ್ಬಿಗೆ ಹಾಕಿ, ಡೆವಲಪರ್ ಸುರಿದು, ಮನಸ್ಸಿನಲ್ಲೇ ಎಣಿಸುತ್ತ ಅಲುಗಾಡಿಸಿದೆ. ಹೈಪೋ ಹಾಕಿದೆ. ದೀಪ ಹಚ್ಚಿ ರೋಲು ಎಳೆದು ಎತ್ತಿ ಹಿಡಿದೆ.

ಬಂದಿತ್ತು. ಎಡ ಅಂಚಿನಲ್ಲಿ ಹಿಂದಿನ ಗಿರಾಕಿಯ ಕುರ್ಚಿಯ ಕೈ ಒಂದು ಬೆರಳಗಲ ಹತ್ತಿತ್ತು, ಅಷ್ಟೇ. ಉಳಿದದ್ದೆಲ್ಲ ಇತ್ತು. ಕದ ತೆರೆದು ‘ಬಂದೈತ್ರಿ ಮಾವಾರ’ ಎಂದು ಅತ್ತುಬಿಟ್ಟೆ. ಅವರು ‘ಮಾರಿ ಎಣಸು’ ಎಂದರು. ಅವತ್ತೇ ಅವಸರದಲ್ಲಿ ದೊಡ್ಡ ಕಾಗದಕ್ಕೆ ಪ್ರಿಂಟು ಹೊಡೆದು ಭೂತಗನ್ನಡಿ ಹಿಡಿದು ಎಣಿಸಿದೆ. ಮೂವತ್ತೆಂಟು ಮುಖ, ಒಂದೊಂದರ ಕಣ್ಣುರೆಪ್ಪೆ ಸಮೇತ. ಒಂದು ಮಾತ್ರ ಇರಲಿಲ್ಲ. ಭಂಡಾರ ಚೆಲ್ಲಿದ ಬೀರವ್ವನ ಕೈ ಅವಳ ಮುಖಕ್ಕೇ ಅಡ್ಡ ಬಂದಿತ್ತು.

ಮೂರನೇ ದಿನ ನಡುವಿನ ಮಗನ ಪುನರ್ವಸತಿ ಕೇಂದ್ರಕ್ಕೆ ಒಬ್ಬಳೇ ಹೋದೆ. ತಗಡಿನ ಶೆಡ್ಡಿನ ಮುಂದೆ ಬೀರವ್ವ ಕುಳಿತಿದ್ದಳು. ಹೊಸ್ತಿಲನ್ನು ಗೋಡೆಗೆ ಒರಗಿಸಿರಲಿಲ್ಲ, ನಾಲ್ಕು ಕಲ್ಲಿನ ಮೇಲೆ ಮಲಗಿಸಿ ಹೂ ಏರಿಸಿದ್ದರು. ಫೋಟೊ ಕೊಟ್ಟೆ. ಅವಳು ಮಕ್ಕಳ ಮುಖದ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

‘ನೀ ತಗದದ್ದೆಲ್ಲಿ? ಬಣ್ಣದ್ದು?’

ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟಿಕೊಂಡು ಬಂದಿದ್ದೆ, ಲ್ಯಾಬಿನಲ್ಲಿ ಕೆಟ್ಟಿತು ಎಂದು. ಅವಳ ಮುಂದೆ ಅದು ಬಾಯಿಗೆ ಬರಲಿಲ್ಲ. ‘ನನ್ನ ತಪ್ಪಬೇ. ರೋಲು ಸರೀ ಹಾಕಿರಲಿಲ್ಲ. ಒಂದೂ ಬಂದಿಲ್ಲ. ಭಂಡಾರ ಹಳದಿ ಬಂದಿಲ್ಲ. ನಿಮ್ಮ ಮಾರೀನೂ ಬಂದಿಲ್ಲ.’

ಬೀರವ್ವ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡಳು. ‘ಆ ಒಂಬತ್ತು ಹೆಣ್ಣಮಕ್ಕಳಿಗೆ ಏನ್ ಹೇಳ್ತಿ?’ ಎಂದಳು. ಆಮೇಲೆ ಅವರೆಲ್ಲರನ್ನೂ ಹುಡುಕಿ ಹೋಗಿ ಇನ್ನೊಮ್ಮೆ ತೆಗೆದೆ. ಬೀಸುಕಲ್ಲು ದಾರಿಯಲ್ಲಿ ಒಡೆದಿತ್ತು. ಎಲ್ಲರ ಹಿಂದೆಯೂ ಒಂದೇ ತಗಡು. ಯಾರೂ ಮೊದಲಿನಂತೆ ನನ್ನ ಕಣ್ಣು ನೋಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆದರೆ ಅವತ್ತು ಶೆಡ್ಡಿನ ಮುಂದೆ ಬೀರವ್ವ ಸೊಂಟದ ಚೀಲ ಬಿಚ್ಚಿದಳು. ಬಲಗೈ ಹೆಬ್ಬೆರಳನ್ನು ಎಂಜಲಲ್ಲಿ ಒದ್ದೆ ಮಾಡಿ ಭಂಡಾರಕ್ಕೆ ಒತ್ತಿ, ಫೋಟೊದಲ್ಲಿ ತನ್ನ ಮುಖ ಇರಬೇಕಾದ ಜಾಗದಲ್ಲಿ ಊರಿದಳು. ‘ಈಗ ಆತು’ ಎಂದಳು.

ಮಾವನ ಕಣ್ಣಿಗೆ ಆ ದೀಪಾವಳಿಗೆ ಮುಂಚೆ ಆಪರೇಶನ್ ಮಾಡಿಸಿದೆವು. ಡಿಜಿಟಲ್ ಅನ್ನು ಮರಳಿ ಕಳಿಸಿದೆ, ಕೆಲವು ವರ್ಷ ಬಿಟ್ಟು ಒಳ್ಳೆಯದೊಂದನ್ನು ನಾನೇ ಕೊಂಡೆ. ಈಗ ಎಲ್ಲ ಕೆಲಸ ಅದರಲ್ಲೇ. ರೋಲಿನ ಮೇಲೆ ನನಗೆ ಯಾವ ಮೋಹವೂ ಇಲ್ಲ. ಆದರೆ ಒತ್ತಿದ ಪ್ರತಿ ಸಲ ಎಡಗೈ ಬೆರಳು ಅದರಲ್ಲಿಲ್ಲದ ಆ ತಿರುಗುವ ಗುಂಡಿಯನ್ನು ಹುಡುಕುತ್ತದೆ.

ಮಾಳಪ್ಪ ಚಹಾ ಕುಡಿದು ಮುಗಿಸಿದ್ದ. ಅವನು ಸಿದ್ದಪ್ಪನ ಮಗ, ಬೀರವ್ವನ ಮೊಮ್ಮಗ. ಫೋಟೊದಲ್ಲಿ ತಾಯಿಯ ಸೆರಗು ಹಿಡಿದು, ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಿರುವವನು ಅವನೇ. ಬೀರವ್ವ ತೀರಿಕೊಂಡು ಎರಡು ವರ್ಷವಾಯಿತಂತೆ. ಫೋಟೊವನ್ನು ಸ್ಕ್ಯಾನರಿನಲ್ಲಿಟ್ಟು ಪರದೆಯ ಮೇಲೆ ತೆರೆದೆ.

‘ಕಲಿ ಇಲ್ಲೈತಿ ನೋಡ್ರಿ’ ಎಂದು ಬೆರಳು ತೋರಿಸಿದ. ‘ಇಲ್ಲೆ ಆಯಿ ಮಾರಿ ಇರಬೇಕಾಗಿತ್ತು.’

ನಾನು ಆ ಜಾಗವನ್ನು ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಹಳದಿಯೊಳಗೆ ಗೆರೆಗಳು ಎದ್ದವು, ಒಂದರೊಳಗೊಂದು ಸುತ್ತಿದ ಸಣ್ಣ ಗೆರೆಗಳು, ನಡುವೆ ಅಡ್ಡಲಾಗಿ ಒಂದು ಹಳೆಯ ಗಾಯದ ಗುರುತು.

ಮಾಳಪ್ಪ ಮುಂದಕ್ಕೆ ಬಾಗಿದ. ‘ಕುರಿ ಉಣ್ಣೆ ಕತ್ತರಿಸೂಮುಂದ ಆದ ಗಾಯರೀ ಇದು’ ಎಂದ. ‘ನಮ್ಮ ಆಯಿ ಹೆಬ್ಬಟ್ಟು.’

‘ಅಳಿಸಲೇನಪಾ?’ ಎಂದು ಕೇಳಿದೆ.

ಅವನು ಮೌಸಿನ ಮೇಲಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.